ಕರವಸ್ತ್ರ ಸುತ್ತಿದ ಬಳೆಗಳು

ಅವರು ಯಾವ ಡಿವಿಡಿ ಸೆಟ್ ತಂದರೂ ಕೊನೆಯ ಡಿಸ್ಕನ್ನೇ ಮೊದಲು ಹಾಕುತ್ತಿದ್ದರು. ಹಳೆಯ ಧಾರಾವಾಹಿಯ ಕಂತುಗಳ ಜೊತೆಗೆ ಕೊಸರು ಎಂದು ಕೊಡುವ ಡಿಸ್ಕ್ ಅದು: ನಿರ್ದೇಶಕರ ಸಂದರ್ಶನ, ಚಿತ್ರೀಕರಣದ ಫೋಟೊಗಳು, ಕತ್ತರಿಸಿ ಬಿಟ್ಟ ದೃಶ್ಯಗಳು.

‘ಊಟಕ್ಕ ಕುಂತಾವ್ರು ಮೊದ್ಲ ಉಪ್ಪಿನಕಾಯಿ ನೆಕ್ಕಿಧಂಗ ಆತಲ್ರಿ ಅಕ್ಕಾರ’ ಎಂದು ದೇಸಾಯರು ರೇಗಿಸುತ್ತಿದ್ದರು.

‘ಮನಿ ಹೆಂಗೈತಿ ಅನ್ನೂದು ಉಪ್ಪಿನಕಾಯಿ ಭರಣಿ ನೋಡಿದ್ರ ತಿಳೀತೈತಿ. ನೀವು ಸುಮ್ನ ಕೂಡ್ರಿ ದೇಸಾಯರ.’

ಹೋದ ತಿಂಗಳು ಅವರು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಕಡೆ ಯಾರೂ ಬರೆಯಲಿಲ್ಲ. ಈಗ ನಾನು ಬರೆದು ಆಗುವುದೇನು? ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಮರಾಠಿ ಮಕ್ಕಳು ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದವು. ನಾವೂ ಹಾಗೆಯೇ ಕರೆದೆವು.

ಸುದ್ದಿ ಕೇಳಿದ ದಿನ ನನ್ನ ಹಳೆಯ ದಿನಚರಿಗಳನ್ನು ತೆಗೆದು ನೋಡಿದೆ. ಮೌಶಿ ಅಲ್ಲಲ್ಲಿ ಇದ್ದಾರೆ, ಆದರೆ ನನಗೆ ಬೇಕಾದ ಕಡೆ ಇಲ್ಲ. ‘ಮೌಶಿ ಮನೆ. ಚಹಾ. ಸೆಖೆ.’ ಇಷ್ಟೇ. ಆ ದಿನಗಳಲ್ಲಿ ಏನು ಮುಖ್ಯ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದೆಲ್ಲ ನೆನಪಿನ ಮೇಲೆ. ನನ್ನ ನೆನಪು ಎಷ್ಟು ಬೇಗ ತನಗೆ ಬೇಕಾದ್ದನ್ನು ಹೆಣೆದುಕೊಳ್ಳುತ್ತದೆ ಎಂಬುದನ್ನು ಬೇರೆ ವಿಷಯಗಳಲ್ಲಿ ನೋಡಿದ್ದೇನೆ. ಇದರಲ್ಲೂ ಹಾಗೆ ಆಗಿರಬಹುದು.

ಧಾರವಾಡದಲ್ಲಿ ಎಂ.ಎ. ಮುಗಿಸಿ ನಾನು ಹೈದರಾಬಾದಿಗೆ ಬಂದಾಗ ಊರಿನ ಪಶ್ಚಿಮದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನದು. ರಜೆಯ ದಿನ ಸಿಕಂದರಾಬಾದಿನ ಒಂದು ಡಿಸ್ಕ್ ಅಂಗಡಿಯಲ್ಲಿ, ಬೆಳ್ಳಗಿನ ಸೀರೆಯುಟ್ಟ ಹೆಂಗಸೊಬ್ಬರು ಅಂಗಡಿಯವನೊಂದಿಗೆ ಜಗಳವಾಡುತ್ತಿದ್ದರು.

‘ಆಖರಿ ಡಿಸ್ಕ್ ಖೋಲ್ ಕೆ ದಿಖಾವ್ ಭಾಯ್.’

‘ಸೀಲ್ ಹೈ ಅಮ್ಮಾ. ಖೋಲೆ ತೋ ಕೌನ್ ಲೇತಾ?’

‘ಮೈಂಚ್ ಲೇತೂಂ. ಖೋಲೋ.’

ಸೀಲ್ ಒಡೆದರೂ ತಾವೇ ಕೊಳ್ಳುವುದಾಗಿ ಅವರು ಹೇಳಿದ್ದಕ್ಕೆ ಅವನು ಗೊಣಗುತ್ತ ಬಿಚ್ಚಿದ. ಅವರು ಡಿಸ್ಕನ್ನು ಮುಟ್ಟಲೂ ಇಲ್ಲ, ಒಳಗಿನ ಪುಟ್ಟ ಹಾಳೆಯಲ್ಲಿದ್ದ ಹೆಸರುಗಳ ಮೇಲೆ ಬೆರಳಾಡಿಸಿ, ಮಡಚಿಟ್ಟು, ದುಡ್ಡು ಕೊಟ್ಟರು. ಡಬ್ಬಿಯ ಮೇಲೆ ಕನ್ನಡ ಅಕ್ಷರ ಕಂಡು ನಾನು ಬಾಯಿ ಬಿಟ್ಟೆ. ‘ಇದು ನಮ್ಮ ಮನೇಲಿ ಎಲ್ಲರೂ ನೋಡ್ತಿದ್ವಿ’ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ನೋಡತಿದ್ರಿ. ಕೇಳತಿದ್ರೇನು?’

ಆ ಪ್ರಶ್ನೆ ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಇಬ್ಬರ ಮನೆಯೂ ಮಿಯಾಪುರದಲ್ಲೇ, ಒಂದೇ ಅಪಾರ್ಟ್‌ಮೆಂಟಿನಲ್ಲೇ ಎಂಬುದು ಬಸ್ಸಿನಲ್ಲಿ ತಿಳಿಯಿತು.

ಒಂದೇ ಚಾನೆಲ್ ಇದ್ದ ಕಾಲದ ಧಾರಾವಾಹಿ ಅದು. ಸಣ್ಣ ಊರೊಂದರಲ್ಲಿ ಖಾನಾವಳಿ ನಡೆಸುವ ವಿಧವೆಯ ಕತೆ. ಅದಕ್ಕೊಂದು ಕಾವ್ಯಮಯ ಹೆಸರಿತ್ತು, ಆದರೆ ನೋಡುವವರೆಲ್ಲ ‘ಖಾನಾವಳಿ’ ಎಂದೇ ಕರೆಯುತ್ತಿದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಮೌಶಿಯ ಮನೆಯಲ್ಲಿ ಅದರ ಮೇಲೆ ಚರ್ಚೆ. ನಾವು ನಾಲ್ವರು. ರಕ್ಷಣಾ ಕಾರ್ಖಾನೆಯೊಂದರಿಂದ ನಿವೃತ್ತರಾಗಿ ಲಿಂಗಂಪಲ್ಲಿಯಲ್ಲಿದ್ದ ದೇಸಾಯರು ಖಾನಾವಳಿಯ ನಿರ್ದೇಶಕರ ಭಕ್ತರು. ಅವರ ಬಗ್ಗೆ ಬಂದ ಪತ್ರಿಕೆಯ ತುಣುಕುಗಳನ್ನೆಲ್ಲ ಓದಿದವರು. ಬಸವರಾಜ ರಾಯಚೂರಿನವನು, ಸಾಫ್ಟ್‌ವೇರ್ ಟೆಸ್ಟರ್. ಲೋಕಲ್ ರೈಲಿನಲ್ಲಿ ಕನ್ನಡ ಪೇಪರ್ ಓದುತ್ತಿದ್ದವನನ್ನು ಮೌಶಿಯೇ ಹಿಡಿದು ತಂದಿದ್ದರು.

‘ಟೆಸ್ಟರ್ ಅಂದ್ರ ಏನ್ ಮಾಡ್ತಿ ತಮ್ಮಾ?’

‘ಬ್ಯಾರೇದಾವ್ರು ಮಾಡಿದ್ರಾಗ ತಪ್ಪು ಹುಡುಕಿ ಬರಿಯೂದು ಮೌಶಿ.’

‘ಇಡೀ ದಿನಾ?’

‘ಹೂಂ. ಇಡೀ ದಿನಾ.’

‘ನಮ್ಮತ್ತಿನೂ ಇದನ್ನ ಮಾಡತಿದ್ಲು ನೋಡು. ಪಾಪ, ಯಾರೂ ಪಗಾರ ಕೊಡಲಿಲ್ಲ.’

ಮೌಶಿ ಸಿಕಂದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ರೈಲ್ವೆಯಲ್ಲಿದ್ದ ಗಂಡ ತೀರಿ ಎಷ್ಟೋ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಹೊರಗೆ ತೆಲುಗು, ಕಚೇರಿಯಲ್ಲಿ ಹಿಂದಿ, ಮನೆಯ ಬಾಗಿಲು ಹಾಕಿಕೊಂಡ ಮೇಲೆ ಬಾಗಲಕೋಟೆಯ ಕನ್ನಡ. ಕೈಯಲ್ಲಿ ಗಡಿಯಾರ ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಆ ಕೈಯ ಬಗ್ಗೆ ಹೇಳಬೇಕು. ಏನನ್ನಾದರೂ ಬೇಡ ಎನ್ನುವಾಗ, ಮುಗಿಯಿತು ಎನ್ನುವಾಗ, ಅವರು ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಮಣಿಕಟ್ಟನ್ನು ಎರಡು ಸಲ ಹೊರಳಿಸುತ್ತಿದ್ದರು. ತರಕಾರಿಯವನು ಹೆಚ್ಚು ಬೆಲೆ ಹೇಳಿದರೆ ಹಾಗೆ. ಇನ್ನೊಂದು ಲೋಟ ಚಹಾ ಎಂದರೆ ಹಾಗೆ. ಫೋನಿನಲ್ಲಿ ಮಾತಾಡುವಾಗಲೂ, ಆ ಕಡೆಯವರಿಗೆ ಕಾಣುವುದಿಲ್ಲ ಎಂಬ ಪರಿವೆಯಿಲ್ಲದೆ, ಹಾಗೆಯೇ.

ಖಾನಾವಳಿಯಲ್ಲಿ ಅಭಿಮಾನಿಗಳೆಲ್ಲ ವಾದ ಮಾಡುತ್ತಿದ್ದ ಒಂದು ದೃಶ್ಯವಿದೆ. ಊರಿನ ಹಿರಿಯರು ಬಂದು ಖಾನಾವಳಿ ಮುಚ್ಚು ಎನ್ನುತ್ತಾರೆ. ವಿಧವೆ ಬಾಗಿಲಲ್ಲಿ ನಿಂತಿದ್ದಾಳೆ, ಎರಡೂ ಕೈ ಸೆರಗಿನೊಳಗೆ, ಅಲುಗುವುದಿಲ್ಲ. ‘ಉಂಡಾವ್ರು ಎದ್ದು ಹೋಗ್ರಿ, ಉಣಲಾರದಾವ್ರು ಒಳಗ ಬರ್ರಿ’ ಎನ್ನುತ್ತಾಳೆ. ಆ ಮಾತಿನ ಕೊನೆಯಲ್ಲಿ, ಸಣ್ಣಗೆ, ಗಾಜಿನ ಬಳೆಗಳ ಸಪ್ಪಳ. ಬಳೆಯೇ ಇಲ್ಲದ ಹೆಂಗಸಿನ ದೃಶ್ಯದಲ್ಲಿ ಬಳೆಯ ಸಪ್ಪಳ ಎಲ್ಲಿಂದ ಬಂತು?

ಬೋನಸ್ ಡಿಸ್ಕಿನ ಸಂದರ್ಶನದಲ್ಲಿ ನಿರ್ದೇಶಕರು ಇದಕ್ಕೆ ಉತ್ತರ ಕೊಟ್ಟಿದ್ದರು. ಗಡ್ಡ ನೀವಿಕೊಂಡು, ಕಿಟಕಿಯ ಕಡೆ ನೋಡುತ್ತ, ಅದು ಕಳೆದುಹೋದ ಬಳೆಗಳ ನೆನಪಿನ ಸದ್ದು, ತಾವು ಬಹಳ ಯೋಚಿಸಿ ಇಟ್ಟದ್ದು, ಕಿವಿಗೊಟ್ಟು ಕೇಳಿದವರಿಗೆ ಮಾತ್ರ ಸಿಗುತ್ತದೆ ಎಂದಿದ್ದರು. ನಾಯಕಿಯ ಸಂದರ್ಶನವೂ ಅದರಲ್ಲೇ ಇತ್ತು. ಮುಂಬಯಿಯವಳು. ‘ಆ ಪಾತ್ರದ ದನಿ ನನ್ನ ಒಳಗಿನಿಂದ ಬಂತು’ ಎಂದು ಹಿಂದಿಯಲ್ಲಿ ಹೇಳಿದ್ದಳು.

ದೇಸಾಯರು ತಲೆದೂಗಿದರು. ‘ನೋಡ್ರಿ, ಎಂಥಾ ಕಲ್ಪನಾ! ಇದಕ್ಕ ಅನ್ನೂದು ಕಲಾ ಅಂತ.’

ಮೌಶಿ ಚಹಾದ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದವರು ಅಲ್ಲೇ ನಿಂತರು. ‘ಕಲಾ ಅಲ್ರಿ ದೇಸಾಯರ. ಅವು ನನ್ನ ಕೈಯಾನ ಬಳಿ.’

ಅಂದು ಅವರು ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಅವರು ಕ್ರಮವಾಗಿ ಹೇಳಲಿಲ್ಲ.

ನಾಯಕಿಗೆ ಕನ್ನಡ ಬರುತ್ತಿರಲಿಲ್ಲ. ದನಿ ಸೇರಿಸುವ ಕೆಲಸ ಹೈದರಾಬಾದಿನ ಒಂದು ಸ್ಟುಡಿಯೋದಲ್ಲಿ ನಡೆಯಿತು. ಉತ್ತರ ಕರ್ನಾಟಕದ ಕನ್ನಡ ಆಡುವ ಹೆಂಗಸು ಬೇಕಾಗಿತ್ತು. ಗಣೇಶ ಹಬ್ಬದ ನಾಟಕದಲ್ಲಿ ಮೌಶಿಯ ಮಾತು ಕೇಳಿದವರು ಯಾರೋ ಅವರ ಹೆಸರು ಸೂಚಿಸಿದರು. ಆಗ ಮದುವೆಯಾಗಿ ವಾರಗಳಷ್ಟೇ ಆಗಿದ್ದವು. ಮೊಣಕೈವರೆಗೆ ಹಸಿರು ಬಳೆ. ಸ್ಟುಡಿಯೋದವರು ಬಳೆ ತೆಗೆಯಿರಿ ಎಂದರು. ಹೊಸ ಮದುವಣಗಿತ್ತಿ ತಾನಾಗಿ ಬಳೆ ತೆಗೆಯುವಂತಿಲ್ಲ, ಅವು ಒಡೆದಾಗ ಒಡೆಯಬೇಕು. ‘ಕೈ ಬರಿದು ಮಾಡ್ಕೊಂಡು ಮನಿಗೆ ಬಂದ್ರ ನಮ್ಮತ್ತಿ ಹೊಸ್ತಿಲಾ ದಾಟಸ್ತಿದ್ಲೇನು?’ ಮೌಶಿ ಒಪ್ಪಲಿಲ್ಲ. ಹಾಗಾದರೆ ಹೋಗಿ, ಬೇರೆಯವರನ್ನು ನೋಡುತ್ತೇವೆ ಎಂದರು ಅವರು. ಆಗ ಗಂಡ ಒಳಗೆ ಬಂದು, ಒಂದು ಕೈಗೆ ತನ್ನ ಕರವಸ್ತ್ರ, ಇನ್ನೊಂದು ಕೈಗೆ ಊಟದ ಡಬ್ಬಿ ಕಟ್ಟಿದ್ದ ಬಟ್ಟೆ ಸುತ್ತಿ, ಬಳೆಗಳನ್ನು ಬಿಗಿಯಾಗಿ ಕಟ್ಟಿದರಂತೆ.

‘ಎಲ್ಲಾ ಕಂತಿಗೂ ಹಂಗ ಕಟ್ಟತಿದ್ರು. ಭಾಳ ಬಿಗೀತಿದ್ರು, ಕೈ ಜೋಮು ಹಿಡೀತಿತ್ತು. ಅದೊಂದು ದಿನಾ ಕರವಸ್ತ್ರಾ ಜಾರಿತು. ಮತ್ತೊಮ್ಮೆ ಹೇಳಸ್ರಿ ಅಂದೆ. ಇವರ’ ಎಂದು ಟಿವಿಯತ್ತ ಗದ್ದ ಎತ್ತಿದರು, ‘ಈ ಗಡ್ಡದಾವ್ರ, ಸಾಕು ಬಿಡಮ್ಮಾ, ಯಾರಿಗೆ ಕೇಳತೈತಿ ಅಂದ್ರು.’

ದೇಸಾಯರು, ‘ದನಿ ಕೊಟ್ಟಾಕಿ ಮದ್ರಾಸಿನ ಕಲಾವಿದೆ ಅಂತ ನಾ ಓದೀನಿ ಅಕ್ಕಾರ’ ಎಂದರು.

‘ಓದಿದ್ದು ನೀವು. ಮಾತಾಡಿದ್ದು ನಾನು.’

‘ಹಂಗಾರ ಹೇಳ್ರಿ ಆ ಮಾತು. ನೋಡೂಣು.’

ಬಸವರಾಜ ಆ ದೃಶ್ಯ ಹಾಕಿ ದನಿ ಅಡಗಿಸಿದ. ಮೌಶಿ ಟಿವಿಯ ಎದುರು ನಿಂತರು. ಪರದೆಯ ಮೇಲೆ ವಿಧವೆಯ ತುಟಿ ಅಲುಗಿದ ಕ್ಷಣಕ್ಕೆ ಸರಿಯಾಗಿ ಮಾತು ಶುರು ಮಾಡಿದರು. ಆದರೆ ಬಂದದ್ದು ಐವತ್ತು ದಾಟಿದ ಹೆಂಗಸಿನ ದನಿ. ಒಡಕು, ದಪ್ಪ, ನಡುವೆ ಉಸಿರು ಸಾಲದೆ ಕಡಿದುಹೋದದ್ದು. ಡಬ್ಬಿಯೊಳಗಿನ ದನಿಗೆ ವಯಸ್ಸಾಗಿರಲಿಲ್ಲ. ಇದಕ್ಕೂ ಅದಕ್ಕೂ ಯಾವ ಸಂಬಂಧವೂ ಇದ್ದಂತಿರಲಿಲ್ಲ. ದೇಸಾಯರು ಕನ್ನಡಕ ಒರೆಸಿಕೊಂಡು, ‘ಹೋಗ್ಲಿ ಬಿಡ್ರಿ, ಚಹಾ ಆರತೈತಿ’ ಎಂದರು. ಮರ್ಯಾದೆಗಾಗಿ ಹೇಳಿದ ಮಾತು. ಲೋಟಗಳು ಆಗಲೇ ಖಾಲಿಯಾಗಿದ್ದವು.

ದೇಸಾಯರೂ ಬಸವರಾಜನೂ ಟಿವಿಯನ್ನು ನೋಡುತ್ತಿದ್ದರು. ನಾನು ಮೌಶಿಯನ್ನು ನೋಡುತ್ತಿದ್ದೆ. ‘ಒಳಗ ಬರ್ರಿ’ ಎನ್ನುವಲ್ಲಿ ಅವರ ಬಲಗೈ ಎದೆಯ ಮಟ್ಟಕ್ಕೆ ಎದ್ದು ಎರಡು ಸಲ ಹೊರಳಿತು. ಅವರಿಗೆ ಅದರ ಅರಿವಿರಲಿಲ್ಲ. ಆಮೇಲೆ ಬಸವರಾಜನಿಗೆ ದನಿ ಏರಿಸಿ ಅದೇ ದೃಶ್ಯ ಮತ್ತೆ ಹಾಕಲು ಹೇಳಿದೆ. ಬಳೆಗಳು ಅದೇ ಜಾಗದಲ್ಲಿ, ಎರಡು ಸಲ ಸದ್ದು ಮಾಡಿದವು. ನಾನು ಕಂಡದ್ದನ್ನು ಹೇಳಿದೆ. ದೇಸಾಯರು ಆ ದೃಶ್ಯವನ್ನು ಇನ್ನೊಮ್ಮೆ ಹಾಕಿಸಿ ಕೇಳಿ, ‘ಹಂಗಾರ ಡಿಸ್ಕ್ ಮಾಡಿದಾವ್ರಿಗೆ ತಿಳಸಬೇಕಲ್ರಿ’ ಎಂದರು. ಅವರು ಆ ಮಾತಿಗೆ ಬರಲು ಎಷ್ಟು ಕಷ್ಟಪಟ್ಟಿರಬೇಕು ಎಂದು ಈಗ ಅನಿಸುತ್ತದೆ.

ನಾನು ನಿಜಕ್ಕೂ ಆ ಕೈಯನ್ನು ಅಂದೇ ಕಂಡೆನೇ? ಅಥವಾ ಅದೇ ಕೈಯನ್ನು ಸಾವಿರ ಸಲ ಬೇರೆ ಕಡೆ ಕಂಡು, ಆ ಮಧ್ಯಾಹ್ನಕ್ಕೆ ತಂದು ಅಂಟಿಸಿಕೊಂಡೆನೇ? ದಿನಚರಿಯಲ್ಲಿ ಆ ಭಾನುವಾರಕ್ಕೂ ಇರುವುದು ‘ಚಹಾ’ ಎಂಬುದೇ.

ಡಿಸ್ಕ್ ಮಾಡಿದ ಕಂಪನಿಗೆ ಬರೆಯುವ ಕೆಲಸ ಬಸವರಾಜನಿಗೆ ಬಂತು. ‘ನನಗ ಒಂದ ನಮೂನಿ ಬರಿಯಾಕ ಬರತೈತಿ ಮೌಶಿ’ ಎಂದು ಅವನು ತನ್ನ ಕೆಲಸದ ರೀತಿಯಲ್ಲೇ ಇಂಗ್ಲಿಷಿನಲ್ಲಿ ಬರೆದ. ಯಾವ ಡಿಸ್ಕ್, ಯಾವ ಕಂತು, ಎಷ್ಟನೆಯ ನಿಮಿಷ. ಇರಬೇಕಾದದ್ದು: ಬಳೆಯ ಸಪ್ಪಳ ಇಲ್ಲ. ಇರುವುದು: ಬಳೆಯ ಸಪ್ಪಳ ಇದೆ. ಅದರ ಕೆಳಗೆ, ಆ ಸಪ್ಪಳ ಯಾರದು, ಆ ದನಿ ಯಾರದು, ಅವರ ಹೆಸರನ್ನು ಸೇರಿಸಬೇಕು ಎಂಬುದನ್ನು ವಿವರವಾಗಿ. ನಾನು ಓದಿ, ಇಷ್ಟು ಸ್ಪಷ್ಟವಾಗಿ ನಮ್ಮ ಕಂಪನಿಯಲ್ಲಿ ಯಾರೂ ಬರೆಯುವುದಿಲ್ಲ ಎಂದು ಮೆಚ್ಚಿದೆ. ಮೌಶಿ ತಮ್ಮ ಹೆಸರು ಇಂಗ್ಲಿಷಿನಲ್ಲಿ ಸರಿಯಾಗಿದೆಯೇ ಎಂದು ಮಾತ್ರ ನೋಡಿದರು.

ಉತ್ತರ ಬೇಗನೆ ಬಂತು. ಧನ್ಯವಾದಗಳು, ವಿಷಯವನ್ನು ತಾಂತ್ರಿಕ ವಿಭಾಗಕ್ಕೆ ಕಳಿಸಿದ್ದೇವೆ. ಅಂದು ಮೌಶಿ ಗೋಧಿ-ಬೆಲ್ಲದ ಮಾದಲಿ ಮಾಡಿದರು. ದೇಸಾಯರಿಗೆ ಎರಡು ಸಲ ತುಪ್ಪ ಹಾಕಿದರು.

ನಂತರದ ತಿಂಗಳುಗಳು ಮೌಶಿಯ ಒಳ್ಳೆಯ ತಿಂಗಳುಗಳು. ನನಗೆ ಹಾಗೆ ಕಂಡಿತು. ಹಳೆಯ ಫೋಟೊವೊಂದನ್ನು ಹುಡುಕಿ ತೆಗೆದು, ಬೋನಸ್ ಡಿಸ್ಕಿನಲ್ಲಿ ಹಾಕುವುದಾದರೆ ಕೊಡಲು ಇರಲಿ ಎಂದು ಟಿವಿಯ ಪಕ್ಕ ಇಟ್ಟುಕೊಂಡಿದ್ದರು. ಗಂಡ ಹೆಂಡತಿ ನಿಂತ ಫೋಟೊ. ಬಳೆಗಳು ಕಪ್ಪುಬಿಳುಪಿನಲ್ಲಿ ಬೂದು. ‘ಸಂದರ್ಶನಾ ಅಂತ ಬಂದ್ರ ಏನ್ ಉಡಬೇಕ?’ ಎಂದು ನನ್ನನ್ನು ಒಮ್ಮೆ ಕೇಳಿದರು. ‘ರೇಷ್ಮಿ ಉಟ್ರ ಜರಾ ಜಾಸ್ತಿ ಆಗತೈತಿ, ಅಲ್ಲಾ?’

ಮುಂದಿನ ವರ್ಷ ಹೊಸ ಆವೃತ್ತಿ ಬರುತ್ತದೆ ಎಂಬ ಪ್ರಕಟಣೆ ಬಂತು. ಚಿತ್ರವೂ ದನಿಯೂ ಹೊಸದಾಗಿ ಶುಚಿಗೊಳಿಸಿದ್ದು. ಹಳೆಯ ಸೆಟ್ ಕೊಟ್ಟರೆ ಹೊಸದಕ್ಕೆ ರಿಯಾಯಿತಿ. ಕುಕ್ಕರಿನಿಂದ ಸ್ಕೂಟರಿನವರೆಗೆ ಎಲ್ಲವನ್ನೂ ಹಳೆಯದು ಕೊಟ್ಟು ಹೊಸದು ತರುತ್ತಿದ್ದ ಕಾಲ ಅದು. ನಮ್ಮಲ್ಲಿ ಇದ್ದದ್ದು ಮೌಶಿಯ ಸೆಟ್ ಒಂದೇ. ಕೊಡುವ ಮುಂಚೆ ಬಸವರಾಜ ಒಂದು ಡಿಸ್ಕನ್ನು ನಕಲು ಮಾಡಿಟ್ಟುಕೊಂಡ. ಬೋನಸ್ ಡಿಸ್ಕನ್ನು. ನಾವು ಯಾವಾಗಲೂ ನೋಡುತ್ತಿದ್ದದ್ದು, ಚರ್ಚಿಸುತ್ತಿದ್ದದ್ದು ಅದನ್ನೇ. ಕಂತುಗಳು ಹೇಗೂ ಹೊಸದರಲ್ಲಿ ಇನ್ನೂ ಚೆನ್ನಾಗಿ ಇರುತ್ತವೆ ಎಂದುಕೊಂಡೆವು.

ಹೊಸ ಸೆಟ್ ಬಂದ ಭಾನುವಾರ ಮೌಶಿ ರೇಷ್ಮೆಯಲ್ಲ, ಇಳಕಲ್ ಸೀರೆ ಉಟ್ಟಿದ್ದರು. ಪದ್ಧತಿಯಂತೆ ಕೊನೆಯ ಡಿಸ್ಕ್ ಮೊದಲು. ಅದೇ ನಿರ್ದೇಶಕರು, ಅದೇ ಗಡ್ಡ, ಅದೇ ಕಿಟಕಿ. ಅದೇ ನಾಯಕಿ. ಹೆಸರುಗಳು ಮೇಲಕ್ಕೆ ಸರಿದು ಮುಗಿದವು. ಮೌಶಿಯ ಹೆಸರು ಇರಲಿಲ್ಲ.

‘ಇರ್ಲಿ’ ಎಂದರು ಮೌಶಿ. ‘ಕಂತು ಹಾಕು ಬಸ್ಯಾ. ಆ ಬಾಗಲದ್ದು.’

ಬಸವರಾಜ ಹಾಕಿದ. ಬಣ್ಣ ತೊಳೆದಂತೆ ಹೊಳೆಯುತ್ತಿತ್ತು. ಹಿರಿಯರು ಬಂದರು. ವಿಧವೆ ಬಾಗಿಲಲ್ಲಿ ನಿಂತಳು. ‘ಉಂಡಾವ್ರು ಎದ್ದು ಹೋಗ್ರಿ, ಉಣಲಾರದಾವ್ರು ಒಳಗ ಬರ್ರಿ.’ ಆಮೇಲೆ ಏನೂ ಇಲ್ಲ.

‘ದನಿ ಏರಸು.’

ಏರಿಸಿದ. ಮಾತು ಕೋಣೆ ತುಂಬಿತು. ಮಾತಿನ ಕೊನೆಯಲ್ಲಿ ಸ್ವಚ್ಛವಾದ ಮೌನ.

ಬಸವರಾಜ ರಿಮೋಟ್ ಹಿಡಿದವನು ಹಾಗೆಯೇ ಕೂತ. ಅವನಿಗೆ ಎಲ್ಲರಿಗಿಂತ ಮೊದಲು ಹೊಳೆದಿರಬೇಕು. ದೋಷ ಎಲ್ಲಿದೆ ಎಂದು ನಿಮಿಷದ ಸಮೇತ ಬರೆದುಕೊಟ್ಟರೆ ತೆಗೆಯುವವರು ತೆಗೆಯುತ್ತಾರೆ. ಕೆಳಗೆ ಬರೆದ ವಿವರಣೆಯನ್ನು ಯಾರೂ ಓದುವುದಿಲ್ಲ. ಅವನ ಕಚೇರಿಯಲ್ಲಿ ದಿನವೂ ಆಗುವುದು ಅದೇ.

‘ಮೌಶಿ, ನಾ ಹಂಗ ಬರೀಬಾರದಿತ್ತು’ ಎಂದ.

‘ಛಲೋ ಬರದಿ ತಮ್ಮಾ. ಅದಕ್ಕ ಅವರಿಗೆ ತಿಳೀತು’ ಎಂದರು ಮೌಶಿ. ಪರದೆಯ ಮೇಲೆ ನಿಲ್ಲಿಸಿದ್ದ ವಿಧವೆಯನ್ನೇ ನೋಡುತ್ತಿದ್ದರು. ‘ಇವತ್ತ ನೋಡು ಆಕೀ ಕೈ ಖರೇನ ಬರಿದಾತು.’

ಎದ್ದು ಫೋಟೊವನ್ನು ಒಳಗೆ ತೆಗೆದುಕೊಂಡು ಹೋದರು. ನಾವು ಕಾದೆವು. ಚಹಾ ಬಂತು.

ಕಂಪನಿಗೆ ಮತ್ತೆ ಬರೆದೆವು. ಮೂಲ ಟೇಪುಗಳ ಬಗ್ಗೆ ತಮಗೆ ಮಾಹಿತಿ ಇಲ್ಲ, ಹಿಂತಿರುಗಿ ಬಂದ ಹಳೆಯ ಸೆಟ್‌ಗಳನ್ನು ನಾಶ ಮಾಡಲಾಗಿದೆ ಎಂದರು. ನಾನು ಭಾನುವಾರಗಳಂದು ಅಬಿಡ್ಸಿನ ಪಾದಚಾರಿ ಮಾರ್ಗದ ಹಳೆಯ ಡಿಸ್ಕ್ ರಾಶಿಗಳಲ್ಲಿ ಹುಡುಕಿದೆ. ಒಮ್ಮೆ ಹಳೆಯ ಆವೃತ್ತಿಯ ಡಬ್ಬಿ ಸಿಕ್ಕಿತು. ಒಳಗೆ ಯಾವುದೋ ಮದುವೆಯ ಡಿಸ್ಕ್‌ಗಳಿದ್ದವು.

ಸಭೆಗಳು ಒಮ್ಮೆಲೇ ನಿಲ್ಲಲಿಲ್ಲ. ಒಂದು ವಾರ ಬಸವರಾಜನಿಗೆ ಕೆಲಸ, ಇನ್ನೊಂದು ವಾರ ದೇಸಾಯರಿಗೆ ಮಂಡಿನೋವು. ದೇಸಾಯರು ತೀರಿಹೋದರು. ನಾನು ಲಿಂಗಂಪಲ್ಲಿಗೆ ಮನೆ ಬದಲಿಸಿದೆ. ಮಿಯಾಪುರಕ್ಕೆ ಮೆಟ್ರೊ ಬಂದ ಮೇಲೆ ಹೋಗುವುದು ಸುಲಭವಾಯಿತು; ನಾನು ಹೋದದ್ದು ಕಡಿಮೆಯಾಯಿತು. ಕೊನೆಯ ಸಲ ಹೋದಾಗ ಟಿವಿಯ ಮೇಲೆ ಬಟ್ಟೆ ಹೊದಿಸಿತ್ತು.

‘ಇಂಟರ್ನೆಟ್ಟಿನಲ್ಲಿ ಹಳೇ ಸೆಟ್ ಯಾರ ಹತ್ರನಾದ್ರೂ ಇದೆಯಾ ಅಂತ ಕೇಳ್ತೀನಿ ಮೌಶಿ’ ಎಂದೆ.

‘ಬ್ಯಾಡ ತಂಗಿ’ ಎಂದರು. ‘ಸಿಕ್ರೂ ಯಾರಿಗೆ ಕೇಳಸೂದು? ಕಟ್ಟಿದಾವ್ರೂ ಇಲ್ಲ.’

ಬೇಡ ಎಂದರು, ಆದರೆ ಕೈ ಏಳಲಿಲ್ಲ. ಮಡಿಲಲ್ಲೇ ಇತ್ತು. ಇದೊಂದನ್ನು ಮಾತ್ರ ನಾನು ಅಂದೇ ದಿನಚರಿಯಲ್ಲಿ ಬರೆದಿದ್ದೇನೆ.

ಈಗ ಖಾನಾವಳಿಯನ್ನು ಯಾರೋ ಇಂಟರ್ನೆಟ್ಟಿಗೆ ಹಾಕಿದ್ದಾರೆ, ಸಂದರ್ಶನದ ಸಮೇತ. ಶುಚಿಗೊಳಿಸಿದ ಆವೃತ್ತಿಯೇ. ಕೆಳಗೆ ಹೊಸ ಅಭಿಮಾನಿಗಳ ಚರ್ಚೆ. ನಿರ್ದೇಶಕರು ಬಳೆಯ ಸದ್ದು ಇದೆ ಎನ್ನುತ್ತಾರೆ, ಎಷ್ಟು ಸಲ ಕೇಳಿದರೂ ಇಲ್ಲ, ವಯಸ್ಸಾದ ಮೇಲೆ ಭ್ರಮೆ ಇರಬೇಕು ಎಂದು ಒಬ್ಬ ಬರೆದಿದ್ದಾನೆ. ಅದನ್ನು ಕಿವಿಯಿಂದ ಕೇಳುವುದಲ್ಲ, ಮನಸ್ಸಿನಿಂದ ಕೇಳಬೇಕು ಎಂದು ಇನ್ನೊಬ್ಬಳು. ಅದಕ್ಕೆ ನೂರಾರು ಜನರ ಮೆಚ್ಚುಗೆ.

ಬಸವರಾಜನಿಗೆ ಫೋನ್ ಮಾಡಿದೆ. ಮೌಶಿ ಹೋದ ಸುದ್ದಿ ಅವನಿಗೂ ತಿಳಿದಿತ್ತು. ಬಳೆಯ ಸಪ್ಪಳ ನೆನಪಿದೆಯೇ ಎಂದು ಕೇಳಿದೆ. ‘ಐತಲ್ಲ ಅಕ್ಕಾ, ಹೆಂಗ ಮರೀಲಿ’ ಎಂದ. ‘ಮೂರು ಸಲ.’

ನಾನು ತಿದ್ದಲಿಲ್ಲ. ತಿದ್ದಲು ನನಗೇನು ಅಧಿಕಾರ?

ಆ ಚರ್ಚೆಯ ಕೆಳಗೆ ನಾನೂ ಒಂದು ಸಾಲು ಬರೆದೆ: ಸದ್ದು ಇತ್ತು, ನಾನು ಕೇಳಿದ್ದೇನೆ, ಅದು ದನಿ ಕೊಟ್ಟ ಹೆಂಗಸಿನ ಮದುವೆಯ ಬಳೆಗಳದು. ಮರುದಿನ ಒಬ್ಬರು ಬಹಳ ವಿನಯದಿಂದ ಕೇಳಿದ್ದರು: ಸಾಕ್ಷಿ ಏನಾದರೂ ಇದೆಯೇ?

ಎರಡು ದಿನ ಯೋಚಿಸಿದೆ. ಉತ್ತರ ಬರೆಯಲಿಲ್ಲ. ನನ್ನಲ್ಲಿರುವುದು, ಟಿವಿಯ ಎದುರು ಒಂದು ಕೈ ಎರಡು ಸಲ ಹೊರಳಿದ ನೆನಪು. ಅದೂ ಬರಿಗೈ.